ಒಳಕ್ಕೆ ತಿರುಗಿದ ಹಲ್ಲುಗಳು

ಬಡಾವಣೆಗಳ ಪುಟ್ಟ ಮಾದರಿಗಳನ್ನು ರಟ್ಟಿನಲ್ಲಿ ಮಾಡಿಕೊಡುವ ಆ ವರ್ಕ್‌ಶಾಪಿನಲ್ಲಿ ಓರಗಿತ್ತಿಯರಿಬ್ಬರಿಗೂ ಒಂದೇ ಮೇಜು. ಇಬ್ಬರಲ್ಲಿ ಒಬ್ಬರನ್ನು ಮಾತ್ರ ಕಾಯಂ ಮಾಡಿಕೊಂಡು ಇನ್ನೊಬ್ಬರನ್ನು ಬಿಡಿಸುತ್ತೇನೆಂದು ಯಜಮಾನರು ಹೇಳಿದಂದಿನಿಂದ ಹಿರಿಯವಳಿಗೆ ಊಟ ಸೇರುತ್ತಿರಲಿಲ್ಲ. ಕಿರಿಯವಳ ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ತನಗಿರುವುದು ಸಂಜೆ ಕಾಲೇಜಿನಲ್ಲಿ ಕಲಿತ ನಕ್ಷೆ ಓದುವ ವಿದ್ಯೆಯೊಂದೇ; ಅದರ ಮೇಲೂ ಅವಳಿಗೆ ಪೂರ್ತಿ ಭರವಸೆಯಿರಲಿಲ್ಲ.

ಈ ಸಲದ ನಕ್ಷೆ ಕಿರಿಯವಳ ಪಾಲಿಗೆ ಬಂದಿತ್ತು. ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು ಬಳೆಯೊಳಗೆ ಬಳೆ ಇಟ್ಟಂತೆ ಸುತ್ತಿಕೊಂಡಿದ್ದವು. ಗೆರೆಗೊಂದು ರಟ್ಟು ಕತ್ತರಿಸಿ, ದೊಡ್ಡದರ ಮೇಲೆ ಚಿಕ್ಕದನ್ನು ಅಂಟಿಸುತ್ತ ಹೋದರೆ ಗುಡ್ಡ ಏಳುತ್ತದೆ. ಅವಳು ಹಾಗೇ ಅಂಟಿಸುತ್ತಿದ್ದಳು.

ಕತ್ತರಿಗೆಂದು ಬಾಗಿದಾಗ ಹಿರಿಯವಳಿಗೆ ನಕ್ಷೆಯ ಗೆರೆಗಳ ಒಳಮಗ್ಗುಲಲ್ಲಿ ಬಾಚಣಿಗೆಯಂತೆ ಸಣ್ಣ ಗೀಟಿನ ಹಲ್ಲುಗಳು ಕಂಡವು. ಮಾಸಿದ ಪ್ರತಿ, ಆದರೂ ಇದ್ದವು. ಹಲ್ಲು ಒಳಕ್ಕೆ ತಿರುಗಿದ್ದರೆ ನೆಲ ಒಳಕ್ಕೆ ಇಳಿಯುತ್ತದೆ. ಅದು ಗುಡ್ಡವಲ್ಲ, ಗುಂಡಿ.

"ಏನಕ್ಕಾ, ಹಂಗೆ ನೋಡ್ತೀರಾ? ನನ್ನ ಗುಡ್ಡಕ್ಕೆ ದೃಷ್ಟಿ ಆದೀತು!"

"ಚೆನ್ನಾಗಿ ಬರ್ತಿದೆ ಕಣೇ," ಎಂದಳು, ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು. ತಪ್ಪು ಯಜಮಾನರ ಕಣ್ಣಿಗೇ ಬೀಳಲಿ, ತಾನೇಕೆ ಹೇಳಬೇಕು? ಸಂಜೆ ಬಸ್ಸಿನಲ್ಲಿ ಕಿರಿಯವಳು ತನಗಾಗಿ ಸೀಟು ಹಿಡಿದು ಕೂಗಿದಾಗ ಮಾತ್ರ ಕೇಳಿಸದವಳಂತೆ ಬಾಗಿಲ ಬಳಿಯೇ ನಿಂತಳು.

ಯಜಮಾನರ ಕಣ್ಣಿಗೆ ಏನೂ ಬೀಳಲಿಲ್ಲ. ಮಾದರಿ ಮುಗಿದ ದಿನ ಬಡಾವಣೆ ಕಟ್ಟಿಸುವ ಗಿರಾಕಿ ಬಂದು, ಅದರ ಸುತ್ತ ತಿರುಗಿ, ಬಾಯಿ ತುಂಬ ನಕ್ಕ.

"ಬರೀ ಮುಳ್ಳುಪೊದೆ, ಒಳಗೆ ಕಾಲಿಡೋಕೇ ಆಗಿರ್ಲಿಲ್ಲ. ಇಷ್ಟು ಎತ್ತರ ಇದೆಯಾ! ಮಕ್ಕಳ ಶಾಲೆ ಇಲ್ಲೇ, ನೆತ್ತಿ ಮೇಲೆ. ಎಂಥಾ ಮಳೆ ಬಂದ್ರೂ ಒಂದು ಹನಿ ನಿಲ್ಲಲ್ಲ."

ಯಜಮಾನರು ಕಿರಿಯವಳತ್ತ ತಿರುಗಿದರು. "ಕಾಯಂ ಯಾರು ಅಂತ ಇನ್ನು ಕೇಳ್ಬೇಕಾ?"

"ಸಾರ್," ಹಿರಿಯವಳು ಎದ್ದು ನಿಂತಳು. "ಅದು ಗುಡ್ಡ ಅಲ್ಲ. ಗುಂಡಿ. ಗೆರೆಗೆ ಒಳಗಡೆ ಹಲ್ಲಿದೆ, ನೋಡಿ." ಮಕ್ಕಳಿಗಾಗಿ ಹೇಳಿದಳೋ, ಕೈತಪ್ಪಿದ ಕೆಲಸಕ್ಕಾಗಿಯೋ, ಅವಳಿಗೇ ತಿಳಿಯಲಿಲ್ಲ.

"ಈಗ ಹುಟ್ಟಿತಾ ಹಲ್ಲು?" ಯಜಮಾನರು ನಕ್ಕರು. "ವಾರವಿಡೀ ಪಕ್ಕದಲ್ಲೇ ಕೂತಿದ್ರಲ್ಲಮ್ಮ. ಹೊಟ್ಟೆಕಿಚ್ಚಿಗೂ ಒಂದು ಮಿತಿ ಬೇಡ್ವಾ?"

ಕಿರಿಯವಳ ಮುಖ ಕೆಂಪಾಯಿತು. "ಹಂಗನ್ಬೇಡಿ ಸಾರ್. ನಮ್ಮಕ್ಕ ಅಂಥೋರಲ್ಲ. ಮೊನ್ನೆ ಇದನ್ನೇ ನೋಡಿ ಚೆನ್ನಾಗಿ ಬರ್ತಿದೆ ಅಂದ್ರು. ತಪ್ಪಿದ್ರೆ ನನಗೆ ಆಗ್ಲೇ ಹೇಳದೆ ಇರ್ತಿದ್ರಾ? ಏನೋ ಗಾಬರಿಲಿ ಅಂದ್ಬಿಟ್ರು. ಅಲ್ವಾ ಅಕ್ಕಾ?"

ಎಲ್ಲರೂ ಅವಳನ್ನೇ ನೋಡಿದರು. ಹಟ ಹಿಡಿದರೆ ಗುಂಡಿಯ ಜತೆಗೆ ತಾನೂ ಬಯಲಾಗಬೇಕು.

"ಹೌದು ಸಾರ್," ಎಂದಳು. "ನನಗೇ ಸರಿಯಾಗಿ ಕಾಣ್ಲಿಲ್ಲ."

ಗಿರಾಕಿ ರಟ್ಟಿನ ಪುಟ್ಟ ಶಾಲೆಯನ್ನು ಅವಳ ಕೈಗಿಟ್ಟು, "ಅಂಟಿಸಮ್ಮ," ಎಂದ. ಅವಳು ಅಂಟಿಸಿದಳು, ಒಂದಿಷ್ಟೂ ವಾಲದಂತೆ, ಅಂಟು ಎಲ್ಲೂ ಹೊರಗೆ ಕಾಣದಂತೆ.