ಎತ್ತಿಟ್ಟ ಗುಳಿಗೆ

ದಾವಲಬಿ ಒಳ್ಳೆಯ ವಸ್ತುವನ್ನು ಬಳಸಿದ್ದನ್ನು ಸವಣೂರಿನಲ್ಲಿ ಯಾರೂ ಕಂಡಿಲ್ಲ. ತವರಿನಿಂದ ಬಂದ ಹನ್ನೆರಡು ಪಿಂಗಾಣಿ ತಾಟುಗಳು ಮೂವತ್ತು ವರ್ಷದಿಂದ ಹಳೆಯ ಪೇಪರು ಸುತ್ತಿಕೊಂಡು ಕಪಾಟಿನಲ್ಲಿ ಕುಳಿತಿವೆ. ದೊಡ್ಡವರು ಯಾರಾದರೂ ಬಂದಾಗ ತೆಗೆಯಬೇಕಂತೆ. ದೊಡ್ಡವರು ಬರಲಿಲ್ಲವೇ? ಬಂದರು, ಸ್ಟೀಲಿನ ತಾಟಿನಲ್ಲಿ ಉಂಡರು, ಹೋದರು. "ಇವ್ರಕಿಂತ ದೊಡ್ಡವ್ರು ಬಂದ್ರ?" ಎನ್ನುವುದು ಅವಳ ಪ್ರಶ್ನೆ. ಇಂಥ ಹೆಂಗಸಿನ ಕೈಗೆ ಹುಬ್ಬಳ್ಳಿಯ ಡಾಕ್ಟರು ಆರು ಗುಳಿಗೆ ಕೊಟ್ಟರು. ಆಮೇಲೆ ಏನಾಗುತ್ತದೆಂದು ಅವಳ ಗಂಡ ಜಮಾಲಸಾಬನನ್ನು ಕೇಳಿದ್ದರೆ ಅವನು ಅಲ್ಲೇ ಹೇಳಿಬಿಡುತ್ತಿದ್ದ.

ದಾವಲಬಿಗೆ ಇದ್ದದ್ದು ಅರೆತಲೆನೋವು. ಮೊದಲು ನಾಲ್ಕಾರು ಆಕಳಿಕೆ, ಆಮೇಲೆ ಎಡಗಣ್ಣಿನ ಅಂಚಿನಲ್ಲಿ ಅಂಕುಡೊಂಕಾಗಿ ಕುಣಿಯುವ ಬೆಳಕು, ಆಮೇಲೆ ಎಡಗಡೆಯ ತಲೆಯೊಳಗೆ ಯಾರೋ ಕೂತು ಖಾರ ಕುಟ್ಟಿದಂತೆ. ಕೊನೆಗೆ ವಾಂತಿ, ಕತ್ತಲೆ ಕೋಣೆ, ಹಣೆಯ ಮೇಲೆ ಒದ್ದೆ ಬಟ್ಟೆ. ಒಂದು ದಿನ ಹೀಗೆ, ಒಮ್ಮೊಮ್ಮೆ ಎರಡು ದಿನ. ಆಗ ಮನೆಯಲ್ಲಿ ಒಗ್ಗರಣೆ ಹಾಕುವಂತಿಲ್ಲ, ಟೀವಿ ಹಚ್ಚುವಂತಿಲ್ಲ. ವೀಳ್ಯದೆಲೆ ವ್ಯಾಪಾರದ ಜಮಾಲಸಾಬನಂತೂ ಗಿರಾಕಿಗಳ ಜೊತೆ ಬೀದಿಗೆ ಹೋಗಿ ಪಿಸುಗುಟ್ಟಬೇಕು.

ಎಂಟು ವರ್ಷದ ಹಿಂದೆ ದೊಡ್ಡ ಮಗಳು ಗುಲ್ನಾರಳ ಮದುವೆಯ ದಿನವೇ ಅದು ಬಂತು. ಹಾಳಾದ್ದಕ್ಕೆ ಬೇರೆ ದಿನ ಸಿಗಲಿಲ್ಲ. ಮಗಳು ಕುಬೂಲ್ ಎಂದು ಒಪ್ಪಿಗೆ ಕೊಡುವ ಹೊತ್ತಿಗೆ ತಾಯಿ ಉಗ್ರಾಣದಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ಕಣ್ಣು ಮುಚ್ಚಿಕೊಂಡು ಬಿದ್ದಿದ್ದಳು. ಗುಲ್ನಾರಳ ಅತ್ತೆ, ಹಾನಗಲ್ಲಿನ ಮರಿಯಮಬಿ, ಈ ಮಾತನ್ನು ನಂಬಲೇ ಇಲ್ಲ. "ಎಂಥಾ ತಲಿಶೂಲಿ! ನಮ್ಮ ನಿಯಾಜ ಮನಸಿಗೆ ಬಂದಿಲ್ಲ ಅಂತ ನೆಟ್ಟಗ ಹೇಳ್ರಿ" ಎಂದು ತುಂಬಿದ ಮಂದಿಯ ನಡುವೆ ಅಂದಳು. ಎಂಟು ವರ್ಷದಿಂದ ಅದನ್ನೇ ಅನ್ನುತ್ತಿದ್ದಾಳೆ. ದಾವಲಬಿ ಅದನ್ನು ನುಂಗಿಕೊಂಡಿದ್ದಳು. ಆದರೆ ಮಗಳ ಮುಖವನ್ನು ಆ ಹೊತ್ತಿನಲ್ಲಿ ನೋಡಲಿಲ್ಲವಲ್ಲ ಎಂಬುದು ಮಾತ್ರ ಅವಳ ಎದೆಯಿಂದ ಇಳಿದಿರಲಿಲ್ಲ.

ಈಗ ಚಿಕ್ಕ ಮಗಳು ಮದಿಹಾಳ ಮದುವೆ ಹಿರೇಕೆರೂರಿನ ಅತೀಕನ ಜೊತೆ ಗೊತ್ತಾಗಿತ್ತು. ಅತೀಕನಿಗೆ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ, ಮಾತು ಕಡಿಮೆ, ಒಳ್ಳೆಯ ಹುಡುಗ. ತಕರಾರು ತೆಗೆದವಳು ಸ್ವತಃ ಮದಿಹಾ.

"ಅಮ್ಮಾ, ನಿಕಾಹ್ ಹೊತ್ತಿನ್ಯಾಗ ನೀ ನನ್ನ ಬಾಜೂಕ ಕುಂತಿರಬೇಕು. ಇಲ್ಲಂದ್ರ ಮೂರು ಸಲ ಅಲ್ಲ, ಮೂವತ್ತು ಸಲ ಕೇಳಿದ್ರೂ ನಾ ಬಾಯಿ ಬಿಡಂಗಿಲ್ಲ."

"ಹುಚ್ಚಿ! ತಲಿಶೂಲಿ ನನ್ನ ಕೇಳಿ ಬರ್ತೈತೇನ?"

"ಅದಕ್ಕ ಡಾಕ್ಟರ್ ಕಡೆ ಹೋಗೂಣು, ನಡಿ."

ಹುಬ್ಬಳ್ಳಿಯ ಡಾಕ್ಟರು ರಕ್ತದೊತ್ತಡ ನೋಡಿದರು, ಎದೆಯ ಇಸಿಜಿ ಪಟ್ಟಿ ತೆಗೆಸಿದರು, ಅರ್ಧ ತಾಸು ಪ್ರಶ್ನೆ ಕೇಳಿದರು. ಕೊನೆಗೆ ಚೀಟಿ ಬರೆದರು. "ನೋಡ್ರಿ ಅಮ್ಮಾ, ಇದರಾಗ ಎರಡು ಔಷಧ ಕೂಡಿಸ್ಯಾರ. ಒಂದು ಮೈಗ್ರೇನಿಗಂತನ ಇರೂದು, ಇನ್ನೊಂದು ನೋವು-ಬಾವು ಇಳಸೂದು. ದಿನಾ ತಗೊಳ್ಳೂ ಗುಳಿಗಿ ಅಲ್ಲ ಇದು. ಶೂಲಿ ಸುರು ಆತು ಅನ್ನೂದರಾಗ ಒಂದು ನುಂಗ್ರಿ, ಕಾಯಬ್ಯಾಡ್ರಿ. ವಾರದಾಗ ಎರಡು ದಿನದ ಮ್ಯಾಲೆ ಬ್ಯಾಡ. ಇದರ ಜೋಡಿ ಬ್ಯಾರೆ ನೋವಿನ ಗುಳಿಗಿ ಬ್ಯಾಡ. ಮತ್ತ ಯಾರಿಗೂ ಕೊಡಬ್ಯಾಡ್ರಿ. ಹೃದಯದ ತೊಂದ್ರಿ ಇದ್ದವ್ರಿಗಂತೂ ಕೊಡಾಕನ ಬಾರದು, ಜೀವಕ್ಕ ಸಂಚಕಾರ."

ದಾವಲಬಿ ಎಲ್ಲದಕ್ಕೂ ಹೂಂ ಅಂದಳು. ಮನೆಗೆ ಬಂದು ಗುಳಿಗೆಯನ್ನು ಎಲ್ಲಿಟ್ಟಳು? ಪಿಂಗಾಣಿ ತಾಟುಗಳ ಹಿಂದೆ.

ಎರಡು ವಾರಕ್ಕೆ ಮೊದಲ ಸಲ ನೋವು ಬಂತು. ದಾವಲಬಿಗೆ ನೋವನ್ನು ಅಳೆಯುವ ತನ್ನದೇ ಒಂದು ಪದ್ಧತಿಯಿತ್ತು. ಮನೆಗೆ ಬರುವವರಲ್ಲಿ ಚಹಾ ಕುಡಿಸಿ ಕಳಿಸುವವರು ಕೆಲವರು, ಊಟಕ್ಕೆ ಕೂರಿಸುವವರು ಕೆಲವರು, ಬಿರಿಯಾನಿ ಮಾಡಿ ಹಾಕಲೇಬೇಕಾದವರು ಕೆಲವರು ಇರುತ್ತಾರಲ್ಲ, ತಲೆನೋವೂ ಹಾಗೆಯೇ. ಇದು ಬರೀ ಚಹಾದ ನೋವು, ಇದಕ್ಕೆ ಹುಬ್ಬಳ್ಳಿ ಗುಳಿಗೆ ದಂಡ ಎಂದುಕೊಂಡು ಕಾದಳು. ತಾಸು ಬಿಟ್ಟು ಊಟದ ನೋವಾಯಿತು. ತಡೆಯೋಣ ಎಂದಳು. ಸಂಜೆಗೆ ಪೂರ್ತಿ ಬಿರಿಯಾನಿಯೇ ಆಗಿ ಗೋಡೆ ಹಿಡಿದು ನಡೆಯುವ ಹೊತ್ತಿಗೆ ತಾಟಿನ ಹಿಂದೆ ಕೈಹಾಕಿ ಗುಳಿಗೆ ನುಂಗಿದಳು. ಹತ್ತು ನಿಮಿಷಕ್ಕೆ ವಾಂತಿ. ಗುಳಿಗೆ ಬಚ್ಚಲ ಪಾಲಾಯಿತು, ನೋವು ಅವಳ ಪಾಲಿಗೇ ಉಳಿಯಿತು.

ಹೀಗೇ ನಾಲ್ಕು ಗುಳಿಗೆ ಮುಗಿದವು. "ಗುಳಿಗಿ ಖೊಟ್ಟಿ ಅದಾವು" ಎಂದು ದಾವಲಬಿ ತೀರ್ಮಾನ ಕೊಟ್ಟಳು. ಜಮಾಲಸಾಬ ಅವಳನ್ನು ಮತ್ತೆ ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಎಷ್ಟು ಹೊತ್ತಿಗೆ ತಗೊಂಡ್ರಿ ಎಂದು ಡಾಕ್ಟರು ಕೇಳಿದರು. ಅವಳು ಚಹಾ, ಊಟ, ಬಿರಿಯಾನಿಯ ಪದ್ಧತಿಯನ್ನು ಸವಿಸ್ತಾರವಾಗಿ ವಿವರಿಸಿದಳು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಅಮ್ಮಾ, ಚಹಾದವ ಬಾಗಲಕ್ಕ ಬಂದಾಗನ ಅವನ್ನ ಹೊರಗ ಕಳಸ್ರಿ. ಒಳಗ ಬಂದು ಚಾಪಿ ಹಾಸ್ಕೊಂಡು ಕುಂತ ಮ್ಯಾಲೆ ಯಾವ ಗುಳಿಗೀಗೂ ಏಳಂಗಿಲ್ಲ."

"ಬಾಗಲಕ್ಕ ಬಂದವ್ರನ್ನ ನಮ್ಮ ಮನ್ಯಾಗ ಯಾರೂ ಹಂಗ ಕಳಸಿಲ್ರಿ" ಎಂದಳು ದಾವಲಬಿ, ತುಸು ನೊಂದುಕೊಂಡೇ.

ಜಮಾಲಸಾಬನಿಗೆ ರೇಗಿತು. "ಏ ಪುಣ್ಯಾತಗಿತ್ತಿ, ಮುಂಜಾನಿ ಕೊಯ್ದ ಎಲಿ ನಾ ಮುಂಜಾನಿನ ಕಳಸ್ತೇನಿ. ಚೊಲೋ ಐತಿ ಅಂತ ಎಂಟು ದಿನ ಎತ್ತಿಟ್ರ ಯಾರ ಬಾಯಿಗೆ ಬರ್ತೈತಿ? ನಿನ್ನ ಗುಳಿಗೀನೂ ಹಂಗ."

ಅವಳು ಹೂಂ ಅಂದಳು. ಅವಳ ಹೂಂ ಎಂಥದ್ದೆಂದು ಮನೆಯವರಿಗೆಲ್ಲ ಗೊತ್ತಿದೆ.

ಮದುವೆ ಶಿಗ್ಗಾಂವದ ಹೆದ್ದಾರಿ ಪಕ್ಕದ ಶಾದಿಮಹಲಿನಲ್ಲಿ. ಹಿರೇಕೆರೂರಿನವರ ಎರಡು ಬಸ್ಸು ತಿರುಗಿಸಲು ಅಲ್ಲಿಯೇ ಜಾಗ ಇತ್ತು. ಹೊರಡುವಾಗ ಜಮಾಲಸಾಬ ಕೇಳಿದ, "ಎರಡೂ ಗುಳಿಗಿ ತಗೊಂಡಿ?"

"ಒಂದು ತಗೊಂಡೇನಿ. ಒಂದು ಮನ್ಯಾಗ ಎತ್ತಿಟ್ಟೇನಿ."

"ಯಾರಿಗೆ? ತಾಟಿಗೇನ?" ಎಂದು ಹಣೆ ಚಚ್ಚಿಕೊಂಡು ಅವನು ಗಾಡಿ ಹತ್ತಿದ.

ಶಾದಿಮಹಲಿನಲ್ಲಿ ಜನರೇಟರಿನ ಹೊಗೆ, ಅತ್ತರಿನ ಘಮ, ಕಿವಿಗೆ ಬಡಿಯುವ ಮೈಕು. ದಾವಲಬಿ ಬೆಳಗಿನಿಂದ ಒಂದು ತುತ್ತು ತಿಂದಿರಲಿಲ್ಲ. ಹನ್ನೊಂದರ ಹೊತ್ತಿಗೆ ಒಂದು ಆಕಳಿಕೆ ಬಂತು, ಇನ್ನೊಂದು ಬಂತು. ಹೆಣ್ಣಿನ ಕೋಣೆಯಲ್ಲಿ ಮದಿಹಾಳ ದುಪ್ಪಟ್ಟಾಕ್ಕೆ ಪಿನ್ನು ಹಾಕುತ್ತಿದ್ದಾಗ ಎಡಗಣ್ಣಿನ ಅಂಚಿನಲ್ಲಿ ಆ ಹಾಳು ಬೆಳಕು ಕುಣಿಯಿತು. ನಿಕಾಹ್ ಇದ್ದದ್ದು ಮಧ್ಯಾಹ್ನದ ನಮಾಜಿನ ಮೇಲೆ, ಇನ್ನೂ ಎರಡು ತಾಸು ಬಾಕಿ.

ಮೂಲೆಗೆ ಹೋಗಿ ಪರ್ಸು ತೆಗೆದು ಗುಳಿಗೆ ನೋಡಿದಳು. ಇರುವುದು ಒಂದೇ. ಈಗಲೇ ನುಂಗಿಬಿಟ್ಟರೆ ಬಿರಿಯಾನಿ ನೋವು ಬಂದಾಗ ಏನು ಮಾಡುವುದು? ಈಗಿನ್ನೂ ಚಹಾ. ಪರ್ಸು ಮುಚ್ಚಿದಳು. ಡಾಕ್ಟರ ಮಾತು ನೆನಪಾಗಿ ಮತ್ತೆ ತೆಗೆದಳು. ತಡಿ, ನೋಡೋಣ ಎಂದು ಮತ್ತೆ ಮುಚ್ಚಿದಳು. ಮೂರನೆಯ ಸಲ ತೆಗೆದು, ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡು ಯೋಚಿಸುತ್ತಿದ್ದಾಗ ಎದುರಿಗೆ ಮರಿಯಮಬಿ ನಿಂತಿದ್ದಳು, ಕೈಯಲ್ಲಿ ಶರಬತ್ತಿನ ಗ್ಲಾಸು.

"ಏನದು ಬೀಗತೇರ? ತಲಿಶೂಲಿ ಗುಳಿಗಿ? ಕೊಡ್ರಿ ಇಲ್ಲೆ. ಹಾನಗಲ್ಲಿಂದ ಬಸ್ಸಿನ್ಯಾಗ ಕುಂತು ನನ್ನ ತಲಿ ಸಿಡ್ಯಾಕತ್ತೈತಿ."

ಕೋಣೆಯಲ್ಲಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಮದುವೆ ಮನೆಯಲ್ಲಿ ಬೀಗತಿ ಬಾಯಿಬಿಟ್ಟು ಕೇಳಿದ್ದನ್ನು ಇಲ್ಲ ಅನ್ನುವುದುಂಟೇ? ಅದೂ ಎಂಟು ವರ್ಷದಿಂದ ಮುನಿಸು ಕಟ್ಟಿಕೊಂಡ ಬೀಗತಿ! ಆದರೆ ಇದೇ ಮರಿಯಮಬಿಗೆ ಹೋದ ವರ್ಷ ಹೃದಯದ ಮುಚ್ಚಿದ ನಾಳಕ್ಕೆ ಸ್ಪ್ರಿಂಗು ಹಾಕಿದ್ದರು. ಆ ಕಥೆಯನ್ನು ಅವಳು ನಾಲ್ಕು ತಾಲೂಕಿನ ನೆಂಟರಿಗೆ ಒಬ್ಬರನ್ನೂ ಬಿಡದೆ ಹೇಳಿದ್ದಳು.

"ಇದು ನಿಮಗ ಬ್ಯಾಡ್ರಿ, ಬೀಗತೇರ. ಬಿಸಿ ಚಹಾ ತರಸ್ತೇನಿ. ಬಾಮ್ ಹಚ್ಚಲೇನ್ರಿ?"

"ನಿಮಗ ಗುಳಿಗಿ, ನನಗ ಬಾಮ್? ಎಲ್ಲಾರ ಮುಂದ ಹಿಂಗಂತೀರಿ?" ಮರಿಯಮಬಿ ಎಡಗೈ ಚಾಚಿ ದಾವಲಬಿಯ ಮುಂಗೈ ಹಿಡಿದೇಬಿಟ್ಟಳು.

ಬಾಯಿಬಿಟ್ಟು ಇಲ್ಲ ಅನ್ನಲು ದಾವಲಬಿಗೆ ನಾಲಿಗೆ ಏಳಲಿಲ್ಲ. ಕೊಟ್ಟರೆ ಮದುವೆಯ ದಿನ ಈ ಮುದುಕಿಯ ಜೀವಕ್ಕೆ ಏನಾದರೂ ಆದೀತು. ಕೊಡದಿದ್ದರೆ ಗುಲ್ನಾರ ಇವಳ ಮನೆಯಲ್ಲಿ ಬಾಳಬೇಕು. ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ದಾವಲಬಿ ಕೈ ಕೊಸರಿಕೊಂಡು ಗುಳಿಗೆಯನ್ನು ಬಾಯಿಗೆ ಎಸೆದು, ಬೀಗತಿಯ ಕೈಯಲ್ಲಿದ್ದ ಶರಬತ್ತನ್ನು ಕಸಿದು ಗಟಗಟ ಕುಡಿದುಬಿಟ್ಟಳು.

ಮರಿಯಮಬಿಯ ದನಿ ಗಂಡಸರ ಪಂಕ್ತಿಯವರೆಗೆ ಕೇಳಿತು. "ಅಲ್ಲಾ! ನನ್ನ ಕಣ್ಣ ಮುಂದನ ನುಂಗಿದ್ಲು! ನನ್ನ ಶರಬತ್ತಿನ್ಯಾಗನ ನುಂಗಿದ್ಲು! ನಿಯಾಜಾ, ಗಾಡಿ ತಗಿ, ಇಲ್ಲಿ ಇನ್ನ ನೀರು ಸೈತ ಮುಟ್ಟಂಗಿಲ್ಲ!"

ದಾವಲಬಿಗೂ ಸಿಟ್ಟು ನೆತ್ತಿಗೇರಿತು. ಮೂವತ್ತು ವರ್ಷದಲ್ಲಿ ಯಾರ ಮೇಲೂ ಏರಿಸದ ದನಿ ಏರಿಸಿದಳು. "ಹೌದು, ನುಂಗಿದೆ! ನಿಮ್ಮ ಎದಿಯಾಗ ಸ್ಪ್ರಿಂಗ್ ಐತಿ. ಹೃದಯದವ್ರಿಗೆ ಇದು ಜೀವಕ್ಕ ಸಂಚಕಾರ ಅಂತ ಡಾಕ್ಟರು ಹೇಳ್ಯಾರ. ನೀವು ಇಲ್ಲೇ ಬಿದ್ದಿದ್ರ ನನ್ನ ಗುಲ್ನಾರಗ ಅತ್ತಿ ಎಲ್ಲಿಂದ ತರಲಿ?"

ಓಡಿಬಂದ ಅಳಿಯ ನಿಯಾಜ ಎಲ್ಲ ಕೇಳಿ ತಾಯಿಯ ಭುಜ ಹಿಡಿದ. "ಅಮ್ಮಾ, ಅವರು ಹೇಳೂದು ಖರೆ. ನಿನ್ನ ಫೈಲಿನ್ಯಾಗೂ ಬರದಾರ, ಕೇಳದ ಯಾವ ನೋವಿನ ಗುಳಿಗೀನೂ ತಗೋಬಾರದು ಅಂತ. ನೀ ಮುಂಜಾನಿಂದ ಚಹಾ ಕುಡದಿಲ್ಲ, ಅದಕ್ಕ ತಲಿ ಹಿಡದೈತಿ."

ಮರಿಯಮಬಿ ತನಗೆಂದು ಬಂದ ಚಹಾವನ್ನು ಮುಖ ಊದಿಸಿಕೊಂಡೇ ಕುಡಿದಳು. ಎರಡನೆಯ ಕಪ್ಪು ಮುಗಿಯುವಷ್ಟರಲ್ಲಿ ತಲೆನೋವೂ ಹೋಯಿತು, ಕಥೆಯೂ ಬದಲಾಯಿತು. "ನಮ್ಮ ಬೀಗತಿ ನನ್ನ ಜೀವ ಉಳಸಿದ್ಲವಾ! ನನ್ನ ಕೈಯಾಗಿಂದ ಕಸಗೊಂಡು ತಾ ನುಂಗಿದ್ಲು!" ಎಂದು ಬಂದ ಬಂದವರಿಗೆ ಹೇಳತೊಡಗಿದಳು. ಹಿರೇಕೆರೂರಿನ ಹೆಂಗಸರ ಪಾಲಿಗೆ ಬರುವಾಗ ಗುಳಿಗೆ ಲಿಂಬೆಹಣ್ಣಿನಷ್ಟು ದೊಡ್ಡದಾಗಿತ್ತು. ಜೀವ ಉಳಿಸಲಿಕ್ಕೆ ನುಂಗಿದಳೋ, ಎತ್ತಿಟ್ಟ ಗುಳಿಗೆ ಪರರ ಪಾಲಾದೀತೆಂದು ನುಂಗಿದಳೋ, ನಿಜ ಹೇಳಬೇಕೆಂದರೆ ದಾವಲಬಿಗೂ ಗೊತ್ತಿರಲಿಲ್ಲ.

ಅವಳು ಮದಿಹಾಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತು ನೋವಿಗಾಗಿ ಕಾದಳು. ಗುಲ್ನಾರ ತಂದಿಟ್ಟ ಎರಡು ಬಿಸ್ಕೀಟು ತಿಂದಳು, ನೀರು ಕುಡಿದಳು. ಈಗ ಊಟದ್ದು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಕಣ್ಣಂಚಿನ ಬೆಳಕು ಆಗಲೇ ಅಡಗಿತ್ತು. ತಲೆಯ ಎಡಗಡೆಗೆ ಯಾರೋ ಬಂದು ಬಾಗಿಲು ತಟ್ಟುತ್ತಿದ್ದಂತೆ ಸಣ್ಣಗೆ ಮಿಡಿಯುತ್ತಿತ್ತು, ತಾಸು ಹೊತ್ತಿನಲ್ಲಿ ಅದೂ ನಿಂತಿತು. ಕತ್ತು ಹಗುರಾಯಿತು. ಮೈಕಿನ ಸದ್ದು ಬರೀ ಮೈಕಿನ ಸದ್ದಾಗಿ ಕೇಳಿತು. "ಎಲ್ಲಿ ಹೋತಿದು?" ಎಂದು ಗುಲ್ನಾರಳನ್ನೇ ಕೇಳಿದಳು, ಬಂದವರು ಹೇಳದೆ ಎದ್ದು ಹೋದರಲ್ಲ ಎಂಬ ಮುಖ ಮಾಡಿ. ಗುಲ್ನಾರ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಮಾಜು ಮುಗಿಯಿತು. ಹೆಣ್ಣಿನ ಒಪ್ಪಿಗೆ ಕೇಳಲು ವಕೀಲರಾಗಿ ನೇಮಿಸಿದ ಹಿರಿಯರೊಬ್ಬರು ಇಬ್ಬರು ಸಾಕ್ಷಿಗಳ ಜೊತೆ ಬಾಗಿಲಲ್ಲಿ ಬಂದು ನಿಂತರು. ಹೆಂಗಸರು ಸೆರಗು ಸರಿಮಾಡಿಕೊಂಡರು. ಹಿರಿಯರು ಕೇಳಿದರು. ಮದಿಹಾ ಸುಮ್ಮನೆ ಕೂತಳು. ಎರಡನೆಯ ಸಲ ಕೇಳಿದರು. ಅವಳು ದುಪ್ಪಟ್ಟಾದ ಒಳಗಿನಿಂದ ಕೈ ಚಾಚಿ ತಡಕಾಡಿದಳು. ದಾವಲಬಿ ಆ ಕೈ ಹಿಡಿದು, "ಇಲ್ಲೇ ಅದೇನಿ, ಅನ್ನವಾ" ಎಂದಳು.

"ಕುಬೂಲ್" ಎಂದಳು ಮದಿಹಾ.

ಹಿರಿಯರು ಹೋದ ಮೇಲೆ ದಾವಲಬಿ ದುಪ್ಪಟ್ಟಾ ಸರಿಸಿ ಮಗಳ ಮುಖ ನೋಡಿದಳು, ಕಣ್ತುಂಬ ನೋಡಿದಳು. ಅತ್ತು ಅತ್ತು ಎಡಗಣ್ಣಿನ ಕಾಡಿಗೆ ಕೆನ್ನೆಗೆ ಇಳಿದಿತ್ತು. ಸೆರಗಿನ ತುದಿಯನ್ನು ನಾಲಿಗೆಗೆ ತಾಗಿಸಿ ಒರೆಸಿದಳು. ಒರೆಸುತ್ತ ಒರೆಸುತ್ತ ಅವಳ ಕೈ ನಿಂತಿತು. ಪಕ್ಕದಲ್ಲಿ ಕೂತಿದ್ದ ಗುಲ್ನಾರಳ ಕಡೆ ತಿರುಗಿದಳು.

"ನಿನ್ನ ಮದುವ್ಯಾಗ ಯಾರು ಒರಸಿದ್ರವಾ?"

"ಯಾರೂ ಇಲ್ಲಮ್ಮಾ" ಎಂದಳು ಗುಲ್ನಾರ. "ನಾನ ಒರಸ್ಕೊಂಡೆ."

ದಾವಲಬಿ ಎರಡು ಮಕ್ಕಳ ತಾಯಿಯಾದ ಆ ಮಗಳ ಗದ್ದ ಹಿಡಿದು, ಅದೇ ಸೆರಗಿನಿಂದ, ಕಾಡಿಗೆ ಒಂದಿಷ್ಟೂ ಕದಡಿರದ ಅವಳ ಎರಡೂ ಕಣ್ಣುಗಳನ್ನು ಒರೆಸಿದಳು.