ಮೈಲಾರವ್ವನ ಕಾಡಿಗೆ

“ಅಲುಗಾಡಬ್ಯಾಡ ಬೇ! ಮೀನಿನ ಬಾಲ ಸೊಟ್ಟಾತಂದ್ರ ನನ್ನ ಕೇಳಬ್ಯಾಡ ಮತ್ತ!”

ಹಿತ್ತಲಿನಿಂದ ಸಾವಿತ್ರೆವ್ವನ ದನಿ ಬಂತು, ಅದರ ಬೆನ್ನಿಗೇ ನಾಲ್ಕೈದು ಹುಡುಗಿಯರ ನಗು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮೈಲಾರವ್ವನ ಕೈ ಒಂದೇಟು ಜೋರಾಗಿಯೇ ಬಿತ್ತು. ರೊಟ್ಟಿ ಅಂಚಿನಲ್ಲಿ ಹರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಬಡಿದಳು. ಅದೂ ಹರಿಯಿತು.

ಸಾವಿತ್ರೆವ್ವ ಮೈದುನನ ಹೆಂಡತಿ, ಅಂದರೆ ಮೈಲಾರವ್ವನ ನೆಗೆಣ್ಣಿ. ಈ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ತವರು ಅಳ್ನಾವರ, ಅಪ್ಪ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದವನು. ಗೋವಾ ಕಡೆಗೆ ಹೋಗುವ ಗಾಡಿ ನಿಂತಾಗ ಕಿಟಕಿಯಲ್ಲಿ ಕಾಣುತ್ತಿದ್ದ ಹೆಂಗಸರ ಕಣ್ಣು ನೋಡಿ ನೋಡಿಯೇ ಈ ವಿದ್ಯೆ ಕಲಿತಳಂತೆ. ಕಸಬರಿಗೆಯ ಕಡ್ಡಿಯೊಂದನ್ನು ಸಣ್ಣಗೆ ಕೆತ್ತಿ, ತುದಿಗೆ ಅರಳೆ ಸುತ್ತಿ ಕಾಡಿಗೆಯಲ್ಲಿ ಅದ್ದಿಕೊಂಡರೆ ಮುಗಿಯಿತು. ಒಂದು ದಿನ ಕಣ್ಣಿನ ತುದಿಗೆ ಮೀನು, ಇನ್ನೊಂದು ದಿನ ನವಿಲುಗರಿ. ಬಿಳಿ ಧೋತರಕ್ಕೆ ಹಾಕುವ ನೀಲಿಯನ್ನು ತುಪ್ಪದಲ್ಲಿ ಕಲಸಿ ರೆಪ್ಪೆಯ ಮೇಲೊಂದು ಗೆರೆ, ಕೆಳಗೆ ಕುಂಕುಮದ ಮೂರು ಚುಕ್ಕಿ. “ಏನ ಬೇ ಇದು, ಬಯಲಾಟದ ವ್ಯಾಷ!” ಎಂದು ಮೂಗು ಮುರಿದ ಮುದುಕಿಯರ ಮೊಮ್ಮಕ್ಕಳೇ ಮರುದಿನ ಹಿತ್ತಲ ಬಾಗಿಲಿನಿಂದ ಒಳಗೆ ಬಂದು ಸಾಲಾಗಿ ಕುಳಿತಿದ್ದರು.

ಕುಳಿತುಕೊಳ್ಳಲಿ, ಬೇಡವೆಂದವರಾರು? ಆದರೆ ಕಾಡಿಗೆ ಯಾರದು? ಹನ್ನೆರಡು ವರ್ಷದಿಂದ ಔಡಲ ಎಣ್ಣೆಯ ದೀಪ ಹಚ್ಚಿ, ಅದರ ಮೇಲೆ ತಾಮ್ರದ ತಟ್ಟೆ ಬೋರಲು ಹಾಕಿ, ಕೂತ ಮಸಿಯನ್ನು ಕೆರೆದು, ಆಕಳ ತುಪ್ಪದಲ್ಲಿ ಬೆರಳು ಸವೆಯುವಂತೆ ತಿಕ್ಕಿದವಳು ಮೈಲಾರವ್ವ. ಓಣಿಯಲ್ಲಿ ಹುಟ್ಟಿದ ಕೂಸಿನ ಕಣ್ಣಿಗೆಲ್ಲ ಮೊದಲು ಬಿದ್ದದ್ದು ಅವಳದೇ ಕಾಡಿಗೆ. ಈಗ ಬಾವಿಕಟ್ಟೆಗೆ ಹೋದರೆ ಎಲ್ಲರ ಬಾಯಲ್ಲೂ “ಸಾವಿತ್ರೆವ್ವನ ಕಣ್ಣು, ಸಾವಿತ್ರೆವ್ವನ ಕೈ” ಅಂತಲೇ ಮಾತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ಗಂಡ ಮಡಿವಾಳೆಪ್ಪನ ಮುಂದೆ ಒಮ್ಮೆ ಬಾಯಿ ಬಿಟ್ಟು ಹೇಳಿಯೂ ನೋಡಿದ್ದಳು. “ಕಾಡಗಿ ತಗೊಂಡಾಳ, ಬಂಗಾರ ಕದ್ದಾಳೇನು?” ಎಂದು ಅವನು ಎಲೆಗೆ ಸುಣ್ಣ ಹಚ್ಚುತ್ತ ಕೂತ. ಗಂಡಸಿಗೇನು ಗೊತ್ತು.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದಳೇನೋ. ನಡುವೆ ಸುಶೀಲಾಳ ಮಾತು ಬಂತು. ಸುಶೀಲಾ ನಾದಿನಿ, ಮಡಿವಾಳೆಪ್ಪನ ತಂಗಿ. ಅತ್ತೆ ತೀರಿಕೊಂಡಾಗ ಆರು ವರ್ಷದ ಹುಡುಗಿ. ಮೈಲಾರವ್ವನಿಗೆ ಮಕ್ಕಳಾಗಲಿಲ್ಲ, ಮಗಳಾಗಿ ಬೆಳೆದದ್ದು ಇವಳೇ. ದಿನಾ ಬೆಳಿಗ್ಗೆ ತೊಡೆಯ ಮೇಲೆ ತಲೆ ಇಟ್ಟು ಮಲಗಿಸಿಕೊಂಡು ಕಣ್ಣು ತೀಡಿ, ಬೆರಳಿಗೆ ಉಳಿದದ್ದರಲ್ಲಿ ಗಲ್ಲಕ್ಕೊಂದು ದೃಷ್ಟಿಬೊಟ್ಟು ಇಡುತ್ತಿದ್ದಳು. ಈಗ ಅವಳಿಗೆ ಹದಿನೆಂಟು. ಸೋಮವಾರ ಅಣ್ಣಿಗೇರಿಯಿಂದ ನೋಡಲು ಬರುವವರಿದ್ದರು.

ಮದುವೆಯಾಗಿ ಹುಡುಗಿ ಮೊದಲ ಸಲ ಗಂಡನ ಮನೆಗೆ ಹೋಗುವಾಗ ತವರಿನ ಹೆಂಗಸೊಬ್ಬಳು ಜೊತೆಗೆ ಹೋಗಿ ಐದು ದಿನ ಇದ್ದು ಬರಬೇಕು, ಆ ಕಡೆಯ ಪದ್ಧತಿ. ತಾಯಿ ಹೋಗುವಂತಿಲ್ಲ, ತಾಯಿಯಂಥವಳು ಹೋಗುತ್ತಾಳೆ. ಆ ಐದು ದಿನಕ್ಕೆಂದೇ ಮೈಲಾರವ್ವ ಟ್ರಂಕಿನ ತಳದಲ್ಲಿ ಒಂದು ಇಳಕಲ್ಲ ಸೀರೆ ಮಡಿಸಿಟ್ಟಿದ್ದಳು. ಉಟ್ಟಿರಲಿಲ್ಲ, ಯಾರಿಗೂ ತೋರಿಸಿರಲಿಲ್ಲ.

“ವೈನಿ, ಸೋಮವಾರ ನನ್ನ ಕಣ್ಣ ಸಣ್ಣ ವೈನಿ ಬರೀತಾರಂತ. ನೀವು ಹೊಸಾ ಕಾಡಗಿ ಮಾಡಿ ಕೊಡ್ರಿ, ಅಗದಿ ಕರ್ರಗ ಇರಬೇಕ ನೋಡ್ರಿ” ಎಂದು ಸುಶೀಲಾ ಕುಣಿಯುತ್ತ ಬಂದು ಹೇಳಿದಳು.

“ಹೂಂ” ಎಂದಳು ಮೈಲಾರವ್ವ. ಕಣ್ಣು ಬರೆಯಲು ಅವಳು ಬೇಕು, ಮಸಿ ತಿಕ್ಕಲು ನಾನು!

ಭಾನುವಾರ ಮಧ್ಯಾಹ್ನ ದೀಪ ಹಚ್ಚಿದಳು. ಹೊತ್ತು ಇಳಿಯುವಷ್ಟರಲ್ಲಿ ತಟ್ಟೆ ತುಂಬ ಮಸಿ ಕೂತಿತ್ತು. ಕಣ್ಣು ತಂಪಾಗಲೆಂದು ಸಾಸಿವೆ ಕಾಳಿನಷ್ಟು ಕರ್ಪೂರ ಹಾಕುವುದು ರೂಢಿ. ಅವಳು ದೇವರ ಗೂಡಿನಿಂದ ಕರ್ಪೂರದ ಇಡೀ ಬಿಲ್ಲೆ ತೆಗೆದಳು. ಒಂದು ಗಳಿಗೆ ಕೈಯಲ್ಲಿ ಹಿಡಿದುಕೊಂಡೇ ಕೂತಳು. ಕಣ್ಣಲ್ಲಿ ನೀರು ಬಂದರೆ ಮೀನು, ನವಿಲು ಎಲ್ಲ ಗಲ್ಲದ ಮೇಲೆ ಹರಿಯುತ್ತವೆ. ಬಂದವರ ಮುಂದೆ ಸಾವಿತ್ರೆವ್ವನ ಕೈಗುಣ ಗೊತ್ತಾಗಲಿ. ಸುಶೀಲಾಳ ಕಣ್ಣು ಸ್ವಲ್ಪ ಹೊತ್ತು ಉರಿಯುತ್ತದೆ, ಅಷ್ಟೇ. ಅಷ್ಟೇ, ಅಷ್ಟೇ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಬಿಲ್ಲೆಯನ್ನು ಪುಡಿ ಮಾಡಿ, ಮಸಿಯ ಜೊತೆ ತುಪ್ಪಕ್ಕೆ ಹಾಕಿ ತಿಕ್ಕಿ ಡಬ್ಬಿಗೆ ತುಂಬಿದಳು.

ಸೋಮವಾರ ಹತ್ತು ಗಂಟೆಯ ಬಸ್ಸಿಗೆ ಅಣ್ಣಿಗೇರಿಯವರು ಬಂದರು. ಹುಡುಗನ ತಾಯಿ ಗುರವ್ವ ಪಡಸಾಲೆಯ ಜಮಖಾನೆಯ ಮೇಲೆ ನಟ್ಟನಡುವೆ ಕೂತು ಮನೆಯ ಜಂತಿ ಎಣಿಸುವವರ ಹಾಗೆ ಸುತ್ತಲೂ ನೋಡಿದಳು. ಮೈಲಾರವ್ವ ಉಪ್ಪಿಟ್ಟು ತಿರುವುತ್ತ, ಸಾವಿತ್ರೆವ್ವ ಸುಶೀಲಾಳ ಕಣ್ಣು ಬರೆಯುತ್ತಿದ್ದ ಕೋಣೆಯ ಕಡೆಗೇ ಕಿವಿ ಇಟ್ಟಿದ್ದಳು. ಈಗ ಚೀರುತ್ತಾಳೆ, ಈಗ ಅಳುತ್ತಾಳೆ ಎಂದು ಕಾಯುತ್ತಿದ್ದಳು. ಒಂದು ಸಲವಂತೂ ಎದ್ದು ಹೋಗಿ ಡಬ್ಬಿ ಕಸಿದುಕೊಂಡು ಬರಲೇ ಅನ್ನಿಸಿತು. ಎದ್ದಳು. ಅಷ್ಟರಲ್ಲಿ ಕೋಣೆಯ ಬಾಗಿಲು ತೆರೆಯಿತು.

ಸುಶೀಲಾ ಹೊರಗೆ ಬಂದಳು. ಮೀನೂ ಇರಲಿಲ್ಲ, ನವಿಲೂ ಇರಲಿಲ್ಲ. ರೆಪ್ಪೆಯುದ್ದಕ್ಕೂ ಒಂದು ಕಪ್ಪು ಗೆರೆ, ತುದಿಯಲ್ಲಿ ಮೇಲಕ್ಕೆ ಎತ್ತಿದ ಎಳೆಯಷ್ಟು ಬಾಲ, ಅದರ ಮೇಲೆ ಕಂಡೂ ಕಾಣದಷ್ಟು ನೀಲಿ. ಕಣ್ಣಲ್ಲಿ ಒಂದು ಹನಿ ನೀರಿಲ್ಲ. ಇಷ್ಟು ಚೆಂದದ ಕಣ್ಣು ಈ ಹುಡುಗಿಗೆ ಇತ್ತೆಂದು ಮೈಲಾರವ್ವನಿಗೇ ಗೊತ್ತಿರಲಿಲ್ಲ, ಸುಡಲಿ!

ಅವಳ ಹಿಂದೆ ಸಾವಿತ್ರೆವ್ವ ಬಂದಳು. ಎರಡೂ ಕಣ್ಣು ಕೆಂಪಗೆ ಊದಿಕೊಂಡು, ನೀರು ಧಾರಾಕಾರ. ಸೆರಗಿನಿಂದ ಒರೆಸಿದಷ್ಟೂ ಮತ್ತೆ ಸುರಿಯುತ್ತಿತ್ತು. ಆಗ ಹೊಳೆಯಿತು ಮೈಲಾರವ್ವನಿಗೆ. ಯಾವ ಗೆರೆಯನ್ನೂ ಸಾವಿತ್ರೆವ್ವ ಮೊದಲು ತನ್ನ ಕಣ್ಣಿಗೆ ಬರೆದು ನೋಡಿಕೊಳ್ಳದೆ ಇನ್ನೊಬ್ಬರಿಗೆ ಬರೆದವಳಲ್ಲ. ಅವಳು ಬಂದಾಗಿನಿಂದಲೂ ಕಂಡದ್ದು, ಸಿಟ್ಟಿನ ಭರದಲ್ಲಿ ಮರೆತೇ ಹೋಗಿತ್ತು.

“ಯಾಕವ್ವಾ, ಅಳಾಕತ್ತೀಯಲ್ಲ?” ಗುರವ್ವ ಕೇಳಿದಳು.

ಸಾವಿತ್ರೆವ್ವ ಒಮ್ಮೆ ಅಡಿಗೆಮನೆಯ ಬಾಗಿಲ ಕಡೆ ನೋಡಿದಳು. “ಏನಿಲ್ರಿ” ಎಂದಳು.

“ಶಿವನ! ನೋಡ್ರಿ ಇಲ್ಲೆ. ಹುಡುಗಿ ಇನ್ನೂ ಹೊಸ್ತಲಾ ದಾಟಿಲ್ಲ, ಈಕಿ ಕಣ್ಣೀರ ನಿಂದರವಲ್ದು. ನಾದಿನಿ ಮ್ಯಾಲೆ ಇಷ್ಟ ಜೀವಾ ಇಟ್ಟಾಕಿ ಈಗಿನ ಕಾಲದಾಗ ಯಾರದಾರ?”

“ಆಕೀದು ಭಾಳ ಮೆತ್ತನ್ನ ಮನಸ್ರಿ” ಎಂದು ಮಡಿವಾಳೆಪ್ಪನೂ ತುಪ್ಪ ಸುರಿದ.

ಉಪ್ಪಿಟ್ಟಿನ ತಾಟು ಹಿಡಿದು ಬಂದ ಮೈಲಾರವ್ವನ ಮುಖವನ್ನು ಗುರವ್ವ ಮೇಲಿಂದ ಕೆಳಗೆ ನೋಡಿದಳು. “ಈಕಿ ದೊಡ್ಡಾಕಿ ಏನ್ರಿ? ಗಟ್ಟಿ ಅದಾಳ ಬಿಡ್ರಿ.” ಕೂತವರು ನಕ್ಕರು. ಗುರವ್ವ ಮುಂದುವರಿಸಿದಳು, “ಹುಡುಗಿ ನಮಗ ಒಪ್ಪಿಗಿ ಐತ್ರಿ. ಒಂದ ಮಾತು, ಮದಿವಿ ಆಗಿ ಬರೂ ಮುಂದ ಹುಡುಗಿ ಸಂಗಾಟ ಈ ಸಣ್ಣಾಕಿನ್ನ ಕಳಸ್ರಿ. ಇಂಥಾಕಿ ಬಾಜು ಇದ್ದರ ಹುಡುಗಿಗೆ ತವರಮನಿ ನೆನಪ ಆಗೂದಿಲ್ಲ.”

ಅತ್ತೆಯಾಗುವವಳು ಬಾಯಿಬಿಟ್ಟು ಒಬ್ಬರ ಹೆಸರು ಹೇಳಿದ ಮೇಲೆ ಬೇಡವೆನ್ನುವ ಪದ್ಧತಿ ಇಲ್ಲ. ಅದು ಪ್ರೀತಿಯ ಕಣ್ಣೀರಲ್ಲ, ಕರ್ಪೂರದ್ದು! ಹೇಳಿಬಿಡಲೇ? ಯಾರು ಹಾಕಿದರು ಎಂದು ಕೇಳಿದರೆ? ಮೈಲಾರವ್ವ ಸಾವಿತ್ರೆವ್ವನ ಮುಖ ನೋಡಿದಳು. ನೀವೇ ಹೋಗ್ರಿ ಅಕ್ಕಾ ಎಂದು ಅಂದಾಳು, ದೊಡ್ಡವರಿರುವಾಗ ನಾನ್ಯಾಕೆ ಎಂದು ಅಂದಾಳು ಎಂಬ ಒಂದು ಆಸೆ ಇತ್ತು. ಸಾವಿತ್ರೆವ್ವ ಆ ಕೆಂಪು ಕಣ್ಣನ್ನು ಅವಳ ಮೇಲಿಂದ ತೆಗೆಯದೆಯೇ ಹೇಳಿದಳು, “ಹೂಂರಿ. ನಾನ ಹೋಗ್ತೀನಿ.”

ಬಂದವರು ಬಸ್ಸು ಹಿಡಿಯಲು ಹೊರಟ ಮೇಲೆ ಸಾವಿತ್ರೆವ್ವ ಅಡಿಗೆಮನೆಗೆ ಬಂದು ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

“ಕರ್ಪೂರ ಅಗದಿ ಜಾಸ್ತಿ ಆಗೇತ್ರಿ ಅಕ್ಕಾ. ಸುಶೀಲಾಗ ಹಳೇದ ಹಚ್ಚೀನಿ. ಯಾರ ಮುಂದೂ ಹೇಳಿಲ್ಲ.”

ಅಷ್ಟು ಹೇಳಿ ಹೋದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಮೈಲಾರವ್ವನಿಗೆ ಬೈಗುಳಕ್ಕೇನು ಬರವಿರಲಿಲ್ಲ.

ಸ್ವಲ್ಪ ಹೊತ್ತಿಗೆ ಸುಶೀಲಾ ಬಂದು ಎದುರಿಗೆ ಕೂತಳು. ಖುಷಿಯಿಂದ ಮುಖ ಕೆಂಪಾಗಿತ್ತು. ಮೈಲಾರವ್ವನ ಮುಖವನ್ನೇ ನೋಡುತ್ತ ಕೇಳಿದಳು, “ಸಣ್ಣ ವೈನಿ ಅಷ್ಟ ಅತ್ತರಲ್ಲ... ನಿಮಗ ಅಳು ಬರಲಿಲ್ಲೇನ ವೈನಿ?”

ಮೈಲಾರವ್ವ ಒಲೆಯೊಳಗಿನ ಕಟ್ಟಿಗೆ ಸರಿಸಿದಳು. “ಉಪ್ಪಿಟ್ಟು ತಿನ್ನು, ಆರತೈತಿ” ಎಂದಳು.

ಸುಶೀಲಾ ಎದ್ದು ಹಿತ್ತಲಿಗೆ ಹೋದಳು. ಅಲ್ಲಿ ಬಚ್ಚಲ ಕಲ್ಲಿನ ಮೇಲೆ ಕೂತು ಸಾವಿತ್ರೆವ್ವ ಕಣ್ಣಿಗೆ ನೀರು ಹಾಕಿಕೊಳ್ಳುತ್ತಿದ್ದಳು. ಸುಶೀಲಾ ತಂಬಿಗೆಯನ್ನು ಅವಳ ಕೈಯಿಂದ ಇಸಿದುಕೊಂಡು, ಗದ್ದ ಹಿಡಿದು ಮುಖ ಎತ್ತಿ, ತನ್ನ ಹೊಸ ಸೀರೆಯ ಸೆರಗನ್ನು ನೀರಲ್ಲಿ ತೋಯಿಸಿ, ನಿಧಾನವಾಗಿ ಒಂದೊಂದೇ ಕಣ್ಣು ಒರೆಸತೊಡಗಿದಳು. ಮೈಲಾರವ್ವ ಬಾಗಿಲ ತೋಳಿಗೆ ಕೈ ಕೊಟ್ಟು ನಿಂತು ನೋಡಿದಳು.