ತಿಸೌಕೆಗೆ ಬೈಗುಳದ ಪಾಠ

ಕಾಬ್ವೆ ಪಟ್ಟಣದ ಪ್ರೌಢಶಾಲೆಯಲ್ಲಿ ತಿಸೌಕೆ ಶಾವಾ ಎಂಬ ಹದಿನೈದರ ಹುಡುಗಿ ಒಂದೇ ವರ್ಷದಲ್ಲಿ ಇಬ್ಬರ ಮೂಗು, ಒಬ್ಬನ ಹಲ್ಲು ಮುರಿದಿದ್ದಳು. ಯಾರಾದರೂ ನಕ್ಕರೆ ಸಾಕು, ಕೈ ಮುಂದೆ. ಉಪಮುಖ್ಯೋಪಾಧ್ಯಾಯ ಕಸೊಂಡೆ ಅವಳ ಹೆಸರು ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದರು. ಶಾಲೆಯ ಆಪ್ತ ಸಮಾಲೋಚಕಿ ಬ್ವೆಂಬ್ಯಾ ಕಾಡಿ ಬೇಡಿ ಒಂದು ತಿಂಗಳ ಗಡುವು ಪಡೆದರು. ಅಷ್ಟರೊಳಗೆ ಇನ್ನೊಂದು ಏಟು ಬಿದ್ದರೂ ಹುಡುಗಿ ಶಾಲೆಯಿಂದ ಹೊರಗೆ.

ಮೊದಲ ವಾರ ಬ್ವೆಂಬ್ಯಾ ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಪ್ರಯೋಗಿಸಿದರು. ಉಸಿರು ಎಣಿಸು ಎಂದರು, ಕೋಪದ ಚಿತ್ರ ಬರೆ ಎಂದರು. ತಿಸೌಕೆ ಗೋಡೆ ನೋಡಿಕೊಂಡು ಕೂತಳು. ಕೊನೆಗೆ ಬ್ವೆಂಬ್ಯಾರ ತಾಳ್ಮೆ ಕೆಟ್ಟು, ಹುಟ್ಟಿನಿಂದ ಬಂದ ಬೆಂಬಾ ನಾಲಿಗೆ ಜಾರಿತು.

"ಏನೇ ಅಂಗೋನಿ, ಬಾಯೊಳಗೆ ಇಲಿ ಇಟ್ಕೊಂಡಿದ್ದೀಯಾ?"

ಬೆಂಬಾ ಮತ್ತು ಅಂಗೋನಿ ಜನ ಹಿಂದೆ ಕಾದಾಡಿದವರು, ಈಗ ಅತ್ತೆ ಮಾವನ ಮಕ್ಕಳಷ್ಟು ಸಲುಗೆಯವರು. ಬೆಂಬಾ ಜನ ಅಂಗೋನಿಗಳನ್ನು ಇಲಿ ತಿನ್ನುವವರು ಅನ್ನಬೇಕು, ಅಂಗೋನಿಗಳು ಬೆಂಬಾ ಜನರನ್ನು ಕೋತಿ ತಿನ್ನುವವರು ಅನ್ನಬೇಕು, ಸಿಟ್ಟಾದವರು ಸೋತಂತೆ. ತಿಸೌಕೆ ಮಾತ್ರ ಕುರ್ಚಿ ಎತ್ತಿದಳು. ಎತ್ತಿದ ಕುರ್ಚಿ ಕೈಯಲ್ಲಿದ್ದಂತೆಯೇ ಅಳು ಬಂತು, ಅಳುವಿನ ಜತೆ ಮಾತೂ ಬಂತು.

ಹತ್ತನೇ ವಯಸ್ಸಿನಲ್ಲಿ ಅಪ್ಪನನ್ನು ಮಣ್ಣು ಮಾಡುವಾಗ ಪಕ್ಕದ ಮನೆಯ ಬೆಂಬಾ ಮುದುಕ ಗುಂಡಿಯ ಅಂಚಿಗೆ ನಿಂತು, ಈ ಅಂಗೋನಿ ಇಲಿ ಹಿಡಿಯಲು ಬಿಲಕ್ಕಿಳಿದಿದ್ದಾನೆ ಅಂದನಂತೆ. ನೆರೆದವರೆಲ್ಲ ನಕ್ಕರಂತೆ. ಅವಳು ಕಲ್ಲು ಬೀಸಿದ್ದಳು. ಅಂದಿನಿಂದ ಯಾರು ನಕ್ಕರೂ ಅವಳ ಕಿವಿಗೆ ಆ ಗುಂಡಿಯ ಬಳಿಯ ನಗುವೇ.

ಬ್ವೆಂಬ್ಯಾ ಎದ್ದು ಅವಳ ಪಕ್ಕಕ್ಕೆ ಬಂದರು. ಇಷ್ಟು ವರ್ಷ ಒಬ್ಬರೂ ಮಗುವಿಗೆ ಬಿಡಿಸಿ ಹೇಳಿರಲಿಲ್ಲವಲ್ಲ!

"ಅದು ಅವನ ಕರ್ತವ್ಯ ಕಣೇ," ಎಂದರು. "ನಿಮ್ಮ ಸಾವಿನ ಮನೇಲಿ ಗುಂಡಿ ತೋಡೋದು, ಅಡುಗೆ ಮಾಡೋದು, ಅಳೋರನ್ನ ನಗಿಸೋದು ನಮ್ಮೋರ ಪಾಲು, ನಮ್ಮ ಸಾವಿನ ಮನೇಲಿ ನಿಮ್ಮೋರ ಪಾಲು. ನಿಮ್ಮಪ್ಪಂಗೆ ಗುಂಡಿ ತೋಡಿದ್ದು ಯಾರು?"

ಆ ಮುದುಕನೇ ತೋಡಿದ್ದ. ತಿಸೌಕೆ ಕುರ್ಚಿ ಕೆಳಗಿಳಿಸಿದಳು.

ಮರುದಿನದಿಂದ ಬೈಗುಳದ ಪಾಠ. ಬ್ವೆಂಬ್ಯಾ ಒಂದು ಬೈದರೆ ಅವಳು ಎರಡು ಬೈಯಬೇಕು, ಎರಡೂ ಕೈ ತೊಡೆಯ ಕೆಳಗೆ. ಮೊದಮೊದಲು ತಡವರಿಸಿದಳು. ಮೂರನೇ ವಾರಕ್ಕೆ ಬ್ವೆಂಬ್ಯಾರಿಗೇ ಉತ್ತರ ಹೊಳೆಯದೆ ನೀರು ಕುಡಿಯುವಂತಾಯಿತು.

ಗಡುವಿನ ದಿನ ಶಿಸ್ತು ಸಮಿತಿ ಕೂತಿತು. ತಿಂಗಳಿಡೀ ಒಂದು ಏಟೂ ಬಿದ್ದಿರಲಿಲ್ಲ, ಆದರೂ ಕಸೊಂಡೆಗೆ ನಂಬಿಕೆ ಬಂದಿರಲಿಲ್ಲ. ಅವರೂ ಬೆಂಬಾ.

"ಇಲಿ ತಿನ್ನೋ ನಿನ್ನ ಮಾತು ನಂಬಿ ಶಾಲೇಲಿ ಇಟ್ಕೋಬೇಕಾ?" ಎಂದರು ಹುಬ್ಬು ಗಂಟಿಕ್ಕಿ.

ತಿಸೌಕೆಯ ಮುಷ್ಟಿ ಬಿಗಿಯಿತು. ಹುಡುಗಿ ಮುಷ್ಟಿಯನ್ನು ಮೆಲ್ಲಗೆ ತೊಡೆಯ ಕೆಳಗೆ ತೂರಿಸಿದಳು.

"ಸರ್, ನಮ್ಮಪ್ಪ ಇಲಿ ಹಿಡಿಯೋಕೆ ಬಿಲಕ್ಕಿಳಿದು ಐದು ವರ್ಷ ಆಯ್ತು, ಇನ್ನೂ ಬಂದಿಲ್ಲ. ನಿಮ್ಮೋರು ಕೋತಿ ಹಿಡಿಯೋಕೆ ಮರ ಹತ್ತಿದ್ದಾರಲ್ಲ, ಅವರು ಇಳಿಯೋ ತನಕನಾದ್ರೂ ನನ್ನ ಇಲ್ಲೇ ಇಟ್ಕೊಳ್ಳಿ."

ಕಸೊಂಡೆ ಸಿಟ್ಟಾಗುವಂತಿರಲಿಲ್ಲ. ಮೊದಲು ಅವರ ಹೊಟ್ಟೆ ಕುಲುಕಿತು, ಆಮೇಲೆ ಮೇಜೇ ಕುಲುಕಿತು. ಕಣ್ಣೊರೆಸಿಕೊಂಡು ಪೆನ್ನಿಗೆ ಮುಚ್ಚಳ ಹಾಕಿದರು. ಇಡೀ ಕೋಣೆ ನಗುತ್ತಿತ್ತು, ತಿಸೌಕೆಯೂ ನಗುತ್ತಿದ್ದಳು. ಗೆದ್ದಳಲ್ಲ ಹುಡುಗಿ ಎಂದು ಬ್ವೆಂಬ್ಯಾರಿಗೆ ಕುಣಿಯುವಷ್ಟು ಖುಷಿ.

ಹೊರಗೆ ಬಂದ ಮೇಲೆ ತಿಸೌಕೆ ಅವರ ಚೀಲ ಎತ್ತಿಕೊಂಡಳು.

"ಮೇಡಂ, ನೀವು ಸತ್ತಾಗ ನಾನೇ ಬರ್ತೀನಿ. ನಗಿಸೋ ಕೆಲಸ ನಂದು. ಅಳೋಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಷ್ಟು ದೊಡ್ಡ ಸನ್ಮಾನ ಬ್ವೆಂಬ್ಯಾರಿಗೆ ಆಗಿರಲಿಲ್ಲ.

"ಗುಂಡಿ ಆಳವಾಗಿ ತೋಡ್ಸೇ," ಎಂದರು. "ಇಲಿ ಸಿಕ್ರೆ ನೀನೇ ತಗೋ."